ಸೀಲ್ ಭಾಯಿ ಬೀಗ ಹಾಕಿದ ಸಹಿ

ಮೊನ್ನೆ ಊಟಿ ರಸ್ತೆಯಲ್ಲಿ ನನ್ನ ಗಾಡಿ ಪಂಕ್ಚರ್ ಆಯಿತು. ಗುಂಡ್ಲುಪೇಟೆ ಇನ್ನೇನು ಸಿಕ್ಕಿತು ಅನ್ನುವಾಗ ಹಿಂದಿನ ಚಕ್ರ ಕುಕ್ಕರಿಸಿಬಿಟ್ಟಿತು. ತಳ್ಳಿಕೊಂಡು ಹೋಗಿ ಒಂದು ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವನು ಟ್ಯೂಬಿಗೆ ಪ್ಯಾಚು ಇಟ್ಟು, ಬಿಸಿ ಪ್ರೆಸ್ಸಿನ ತಿರುಪು ಬಿಗಿ ಮಾಡಿದ. ರಬ್ಬರು ಕಾಯುವ ವಾಸನೆ ಎದ್ದಿತು ನೋಡಿ... ಎದ್ದು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. "ಯಾಕಣ್ಣ, ಕುಂತ್ಕಳಿ, ಈಗಾಯ್ತದೆ" ಅಂತ ಅವನು ಕರೆದ. ನಾನು ಹೋಗಲಿಲ್ಲ. ಲೋಕಕ್ಕೆಲ್ಲ ಅದು ಟೈರಿನ ವಾಸನೆ. ನನಗೆ ಅದು ಸೀಲ್ ಭಾಯಿಯ ಬಲಗೈ ವಾಸನೆ.

ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಗುಂಡ್ಲುಪೇಟೆಗೆಲ್ಲ ಸೀಲ್ ಭಾಯಿ. ಹಳೇ ಪೇಟೆಯ ಒಂದು ಸಂದಿಯಲ್ಲಿ ರಬ್ಬರ್ ಸೀಲಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಬಾಗಿಲಿಗೆ ಒಂದು ಹಸಿರು ಪರದೆ. ಪರದೆಯ ಆಚೆಗೆ ಉರ್ದು, ಈಚೆಗೆ ಕನ್ನಡ. ಅಂಗಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪ್ರೆಸ್ಸಿತ್ತು. ಅಚ್ಚಿನ ಮೇಲೆ ಹಸಿ ರಬ್ಬರು ಹಾಸಿ, ಎರಡು ಬಿಸಿ ತಟ್ಟೆಗಳ ನಡುವೆ ಇಟ್ಟು ಹಿಡಿ ತಿರುಗಿಸಿದರೆ ರಬ್ಬರಿನ ಮೇಲೆ ಅಕ್ಷರ ಮೂಡುತ್ತಿತ್ತು. ಆ ಪ್ರೆಸ್ಸನ್ನು ಅವರು ಮುದ್ದಿನ ಎಮ್ಮೆಯ ಹಾಗೆ ಒರೆಸಿ ಇಟ್ಟುಕೊಂಡಿದ್ದರು.

ಸಾಧು ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಮೂಗಿನ ತುದಿಯಲ್ಲೇ ಸಿಟ್ಟು. ಒಬ್ಬ ಯಾವುದೋ ಆಫೀಸರದ್ದು ಕಳ್ಳ ಸೀಲು ಮಾಡಿಕೊಡಿ ಅಂತ ಬಂದಿದ್ದನಂತೆ. ಭಾಯಿ ಮರದ ಸುತ್ತಿಗೆ ತೆಗೆದುಕೊಂಡು ಅವನನ್ನು ಬಸ್ ಸ್ಟ್ಯಾಂಡಿನವರೆಗೂ ಅಟ್ಟಿ ತಲೆ ಒಡೆದಿದ್ದರು. ಅದರ ಕೇಸು ಬಹಳ ಕಾಲ ನಡೆಯಿತು. ಕೋರ್ಟಿಗೆ ಹೋಗುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಬ್ಬಕ್ಕೆ ಹೊರಟವರ ಹಾಗೆ ಹೋಗುತ್ತಿದ್ದರು.

ನಾನು ಹಂಗಳದ ಕಡೆಯವನು. ಸಣ್ಣ ಕಂಟ್ರಾಕ್ಟರು. ಚರಂಡಿ, ಮೋರಿ, ಕಾಡಂಚಿನ ಆನೆ ಕಂದಕ, ಇಂಥ ಕೆಲಸ. ಆ ಕಾಲದಲ್ಲಿ ಯಾವ ಕೆಲಸ ಯಾರಿಗೆ ಅನ್ನುವುದನ್ನು ಆಫೀಸು ತೀರ್ಮಾನ ಮಾಡುತ್ತಿರಲಿಲ್ಲ, ಒಬ್ಬ ಯಜಮಾನ ಮಾಡುತ್ತಿದ್ದ. ಚಾಮರಾಜನಗರದ ಒಂದು ಹೋಟೆಲಿನ ಮಹಡಿಯಲ್ಲಿ ಕಂಟ್ರಾಕ್ಟರುಗಳನ್ನೆಲ್ಲ ಕೂರಿಸಿ, ಊಟ ಹಾಕಿಸಿ, ಈ ರಸ್ತೆ ನಿನಗೆ, ಆ ಕಟ್ಟೆ ನಿನಗೆ ಅಂತ ತಾಂಬೂಲ ಹಂಚಿದ ಹಾಗೆ ಹಂಚುತ್ತಿದ್ದ. ಯಾರ ಪಾಲಿಗೆ ಬಂತೋ ಅವನೊಬ್ಬನೇ ಟೆಂಡರು ಹಾಕಬೇಕು. ಬೇರೆ ಯಾರಾದರೂ ಲಕೋಟೆ ಹಿಡಿದು ಬಂದರೆ ವಿಚಾರಿಸಿಕೊಳ್ಳಲು ಟೆಂಡರ್ ಪೆಟ್ಟಿಗೆಯ ಸುತ್ತ ಅವನ ಹುಡುಗರು ನಿಂತಿರುತ್ತಿದ್ದರು. ಒಮ್ಮೆ ಒಬ್ಬ ಹೇಗೋ ನುಸುಳಿ ಲಕೋಟೆ ಹಾಕಿಬಿಟ್ಟಿದ್ದಕ್ಕೆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ ಕೆರೆಗೆ ಎಸೆದಿದ್ದರು.

ಮದ್ದೂರು ಕಾಡಿನ ಅಂಚಿನಲ್ಲಿ, ನಮ್ಮ ಹೊಲಗಳ ಬೆನ್ನಿಗೇ, ಆನೆ ಕಂದಕ ತೋಡುವ ಕೆಲಸಕ್ಕೆ ಟೆಂಡರು ಕರೆದರು. ನಮ್ಮ ಹೊಲ, ನಮ್ಮ ಆನೆ, ನಾನು ಯಾವನನ್ನು ಕೇಳಬೇಕು? ಸೀದಾ ಹೋದೆ. ಲಕೋಟೆಯ ಮೂಲೆ ಪೆಟ್ಟಿಗೆಯ ಬಾಯಿಗೆ ತಾಕಿತ್ತು, ಅಷ್ಟರಲ್ಲಿ ಕತ್ತಿನ ಪಟ್ಟಿ ಹಿಡಿದು ಎಳೆದರು. ಆಫೀಸಿನ ಹಿಂದೆ ಕಲ್ಲಿನ ಮೆಟ್ಟಿಲಿತ್ತು. ನನ್ನ ಬಲಗೈಯನ್ನು ಅದರ ಮೇಲೆ ಚಾಚಿಸಿ, ಒಬ್ಬ ಮೊಣಕೈ ಮೇಲೆ ಕೂತ, ಇನ್ನೊಬ್ಬ ಜಾಕಿ ರಾಡಿನಿಂದ ಹೊಡೆದ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಆಫೀಸಿನ ಕಿಟಕಿ ತೆಗೆದೇ ಇತ್ತು, ಒಳಗೆ ಫ್ಯಾನು ತಿರುಗುತ್ತಿತ್ತು, ಆದರೆ ಏನೂ ನೋಡಲಿಲ್ಲ ಅಂತ ಎಲ್ಲರೂ ಹೇಳಿಕೆ ಕೊಟ್ಟರು.

ಕಂದಕದ ಕೆಲಸ ಯಜಮಾನನ ಕಡೆಯವನಿಗೆ ಹೋಯಿತು. ಅವನು ಮಣ್ಣು ಕೆರೆದು ಬಿಲ್ಲು ಮಾಡಿಸಿಕೊಂಡ. ಆ ಸಲ ಹುರುಳಿ ಹೊಲಕ್ಕೆ ಆನೆ ದಾಟಿ ಬಂದು ಕಾವಲಿಗಿದ್ದ ನಮ್ಮ ಚಿಕ್ಕಪ್ಪನನ್ನು ತುಳಿದು ಹಾಕಿತು. ಬೆಳಿಗ್ಗೆ ಅವರನ್ನು ಎತ್ತಲು ಆಗಲಿಲ್ಲ, ಕಂಬಳಿಯಲ್ಲಿ ಬಳಿದುಕೊಂಡು ತಂದೆವು. ಮಣ್ಣು ಮಾಡಿ ಬರುವಾಗ ಕಂದಕಕ್ಕೆ ಇಳಿದು ನಿಂತು ನೋಡಿದೆ. ನನ್ನ ಸೊಂಟಕ್ಕೂ ಬರಲಿಲ್ಲ. ಈ ಕಂದಕ ಮತ್ತೆ ಯಾವಾಗ ಟೆಂಡರಿಗೆ ಬಂದರೂ ನಾನೇ ತೋಡಬೇಕು, ಇಲ್ಲದಿದ್ದರೆ ನಾನು ಗಂಡಸೇ ಅಲ್ಲ ಅಂತ ಅಲ್ಲೇ ಆಣೆ ಮಾಡಿಕೊಂಡೆ.

ಆಣೆ ಏನೋ ಸರಿ, ಕೈ ಎಲ್ಲಿದೆ? ಬೆರಳು ಕೂಡಿಕೊಂಡರೂ ಪೆನ್ನು ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಹಾಕಿದರೆ ಸಹಿ ಹೊಂದುವುದಿಲ್ಲ ಅಂತ ಬ್ಯಾಂಕಿನವರೂ ಆಫೀಸಿನವರೂ ವಾಪಸು ಮಾಡುತ್ತಿದ್ದರು. ಸಹಿ ಇಲ್ಲದ ಕಂಟ್ರಾಕ್ಟರನ್ನು ಯಾರು ಕೇಳುತ್ತಾರೆ? ನನ್ನ ಹಳೇ ಸಹಿಯನ್ನೇ ಸೀಲು ಮಾಡಿಸಿಕೊಳ್ಳೋಣ ಅಂತ ಭಾಯಿಯ ಅಂಗಡಿಗೆ ಹೋದೆ. ಕೇಳಿದ್ದೇ ತಡ, ಅವರ ಕೈ ಸುತ್ತಿಗೆಯ ಕಡೆ ಹೋಯಿತು.

"ಸಹಿ ಸೀಲ್ ಮಾಡಿದ್ರೆ ನಾಳೆ ಅದ ಯಾವನ್ ಬೇಕಾದ್ರೂ ಒತ್ಕತಾನೆ. ಓಗಿ ಗೌಡ್ರೇ ಸುಮ್ನೆ."

ನಾನು ಬಲಗೈಯನ್ನು ಮೇಜಿನ ಮೇಲಿಟ್ಟೆ. ಭಾಯಿ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ ಚಹಾ ಹೇಳಿದರು.

ಟೆಂಡರುಗಳೆಲ್ಲ ಇನ್ನು ಕಂಪ್ಯೂಟರಿಗೆ ಬರುತ್ತವೆ, ಅದಕ್ಕೆ ಕೈ ಬೇಕಿಲ್ಲದ ಒಂದು ಸಹಿ ಇದೆ ಅಂತ ನಾನು ಮೊದಲು ಕೇಳಿದ್ದು ಅವತ್ತು. ಡಿಜಿಟಲ್ ಸಹಿ. ಬೆರಳುದ್ದದ ಒಂದು ಟೋಕನ್ನು, ಪೆನ್ ಡ್ರೈವಿನ ತಮ್ಮನ ಹಾಗಿರುತ್ತದೆ. ಅದರೊಳಗೆ ನಮ್ಮ ಸರ್ಟಿಫಿಕೇಟು. ಕಂಪ್ಯೂಟರಿಗೆ ಚುಚ್ಚಿ ಪಿನ್ ನಂಬರು ಒತ್ತಿದರೆ ಸಹಿ ಆದ ಹಾಗೆ. "ಇದ್ರ ಕೀಲಿ ಒಳಗೇ ಇರ್ತದೆ. ಅದ ಈಚೆಗ್ ತೆಗೆಯೋಕೆ ನನ್ ಕೈಲೂ ಆಗಲ್ಲ, ಮಾಡಿದೋನ್ ಕೈಲೂ ಆಗಲ್ಲ. ಸೀಲ್ ತರ ಅಲ್ಲ ಇದು" ಅಂದರು. ನನ್ನ ಫೋಟೋ, ಎಡಗೈ ಹೆಬ್ಬೆಟ್ಟು, ದೃಢೀಕರಣ ಎಲ್ಲ ಅವರೇ ಓಡಾಡಿ ಮಾಡಿಸಿ ಬೆಂಗಳೂರಿಗೆ ಕಳಿಸಿದರು.

ಅವರ ಕಂಪ್ಯೂಟರಿನ ಕಥೆಯೇ ಬೇರೆ. ಊರಿನವರೆಲ್ಲ ತಂದು ಚುಚ್ಚುತ್ತಿದ್ದ ಪೆನ್ ಡ್ರೈವುಗಳಿಂದ ವೈರಸ್ ಹತ್ತಿ, ಅವರು ವರ್ಷಗಟ್ಟಲೆ ಮಾಡಿಟ್ಟಿದ್ದ ಸೀಲಿನ ನಮೂನೆಗಳೆಲ್ಲ ಒಂದೇ ದಿನ ಅಳಿಸಿಹೋದವಂತೆ. ಸಿಟ್ಟಿಗೆ ಮಾನಿಟರನ್ನು ಎತ್ತಿ ಸಂದಿಗೆ ಎಸೆದಿದ್ದರು. ಆಮೇಲೆ ಚಾಮರಾಜನಗರದ ಕಾಲೇಜಿನ ಯಾರೋ ಮೇಷ್ಟ್ರು, ವಿಂಡೋಸಿನ ಬದಲು ಇದನ್ನು ಹಾಕಿಕೊಳ್ಳಿ, ವೈರಸ್ ಹತ್ತುವುದಿಲ್ಲ ಅಂತ ಲಿನಕ್ಸಿನ ಸಿ.ಡಿ. ಕೊಟ್ಟರು. ಅಲ್ಲಿಂದ ಮುಂದೆ ವಿಂಡೋಸ್ ಅಂದರೆ ಅವರಿಗೆ ಹರಾಮು. ಆದರೆ ಟೋಕನ್ನಿನ ಕಂಪನಿಯವರು ಲಿನಕ್ಸ್ ಅಂದ ಕೂಡಲೇ ಫೋನ್ ಇಟ್ಟುಬಿಡುತ್ತಿದ್ದರು. ಟೆಂಡರಿನ ವೆಬ್‌ಸೈಟೂ ಮುಖ ತಿರುಗಿಸುತ್ತಿತ್ತು. ಭಾಯಿ ಕಪ್ಪು ಸ್ಕ್ರೀನಿನ ಮುಂದೆ ಕೂತು ಉರ್ದುವಿನಲ್ಲಿ ಬೈಯುತ್ತಾ ಒಂದೊಂದೇ ಸಾಲು ಬರೆಯುತ್ತಿದ್ದರು. ವಿಂಡೋಸ್ ಹಾಕಿಸಿಕೊಂಡರೆ ಒಂದು ಗಳಿಗೆಯ ಕೆಲಸ ಅಂತ ನಾನು ಅಂದರೆ, "ನಿಮ್ ಬೆರಳ್ ಮುರಿದೋರು ಕೈ ಕಟ್ಕಂಡು ನಿಂತ್ಕಳಿ ಅಂದ್ರೆ ನೀವ್ ನಿಂತ್ಕತಿದ್ರಾ" ಅಂದರು. ಏನು ಸಂಬಂಧವೋ ನನಗಿನ್ನೂ ಗೊತ್ತಿಲ್ಲ. ಆದರೆ ಒಂದು ಸಂಜೆ ಟೋಕನ್ನಿನ ದೀಪ ಹತ್ತಿತು, ಫೈರ್‌ಫಾಕ್ಸ್ ಬ್ರೌಸರಿನೊಳಗೆ ನನ್ನ ಹೆಸರು ಬಂತು. ಮುದುಕ ಮೇಜು ಗುದ್ದಿದ ರಭಸಕ್ಕೆ ಚಹಾದ ಲೋಟ ಉರುಳಿತು.

ಸುದ್ದಿ ಹಬ್ಬಿ ಬೇರೆ ಕಂಟ್ರಾಕ್ಟರುಗಳೂ ಬಂದರು. ನಮ್ಮ ಜನ ನೋಡಿ, ಸಹಿಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಪೈಕಿಯಲ್ಲ. "ನೀವೇ ಇಟ್ಕಳಿ ಭಾಯ್" ಅಂತ ಟೋಕನ್ನನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಗೋಡೆಯ ಮೇಲೆ ಒಂದು ಹಲಗೆ, ಹಲಗೆಗೆ ಮೊಳೆ, ಮೊಳೆಗೊಬ್ಬ ಕಂಟ್ರಾಕ್ಟರನ ಸಹಿ ನೇತಾಡುತ್ತಿತ್ತು, ನನ್ನದೂ ಅಲ್ಲೇ. ಪಿನ್ ಯಾವುದು ಅಂದರೆ ಎಲ್ಲರದೂ ಅವರವರ ಲಾರಿ ನಂಬರು. ಭಾಯಿ ಬೈದು ಬೈದು ಸಾಕಾಗಿದ್ದರು. ನನ್ನದನ್ನು ಮಾತ್ರ ಹಟ ಹಿಡಿದು ಬದಲು ಮಾಡಿಸಿದ್ದರು. ಚಿಕ್ಕಪ್ಪ ಸತ್ತ ಹೊಲದ ಸರ್ವೆ ನಂಬರು ಇಟ್ಟಿದ್ದೆ.

ಕೊನೆಗೂ ಕಂದಕದ ಕೆಲಸ ಮತ್ತೆ ಬಂತು, ಈ ಸಲ ಕಂಪ್ಯೂಟರಿನಲ್ಲಿ. ತನ್ನ ಕಡೆಯವರದ್ದು ಬಿಟ್ಟು ಯಾರ ಟೆಂಡರನ್ನೂ ಹಾಕಿಕೊಡಬಾರದು ಅಂತ ಯಜಮಾನ ಊರಿನ ಸೈಬರ್ ಸೆಂಟರಿನವರಿಗೆಲ್ಲ ಮೊದಲೇ ಎಚ್ಚರಿಕೆ ಕೊಟ್ಟಿದ್ದ. ಭಾಯಿಗೂ ಹೇಳಿ ಕಳಿಸಿದ್ದನಂತೆ. ಅವರು ನನ್ನ ಹತ್ತಿರ ಆ ಮಾತೇ ಎತ್ತಲಿಲ್ಲ. ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಕೂತು ಟೆಂಡರು ಹಾಕಿದೆವು. ಪಿನ್ ಅನ್ನು ನಾನೇ ಎಡಗೈಯಲ್ಲಿ ಒಂದೊಂದೇ ಅಂಕೆ ಒತ್ತಿದೆ. ಸಹಿ ಆಯಿತು. ಕಲ್ಲಿನ ಮೆಟ್ಟಿಲಿನ ಮೇಲೆ ಕಳೆದುಕೊಂಡದ್ದು ವಾಪಸು ಬಂದ ಹಾಗಾಗಿ ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಟೆಂಡರಿನ ಠೇವಣಿಗೆ ಬ್ಯಾಂಕಿನಲ್ಲಿ ನಾನು ಡಿ.ಡಿ. ತೆಗೆಸಿದ್ದನ್ನು ಯಾರೋ ಯಜಮಾನನ ಕಿವಿಗೆ ಹಾಕಿದ್ದರು. ಮಧ್ಯಾಹ್ನ ಭಾಯಿ ನಮಾಜು ಮುಗಿಸಿ ಬಂದು, ಒಂದು ಊರಿನ ಹಾಲಿನ ಡೈರಿಯ ಸೀಲು ಮಾಡಲು ಪ್ರೆಸ್ಸು ಕಾಯಿಸುತ್ತಿದ್ದರು. ನಾನು ಬೆಂಚಿನ ಮೇಲಿದ್ದೆ. ಯಜಮಾನ ತಾನೇ ಬಂದ, ಜೊತೆಗೆ ಅವನ ಹುಡುಗರು, ಅವರ ಹಿಂದೆ ಒಬ್ಬ ಸೈಬರ್ ಸೆಂಟರಿನವನು. ಒಳಗೆ ಬಂದ ಕೂಡಲೇ ಷಟರ್ ಎಳೆದರು.

"ಭಾಯ್, ನಿಮ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ" ಅಂದ ಯಜಮಾನ. "ಇವನ್ ಟೆಂಡರ್ ವಾಪಸ್ ತೆಗೆದ್ಬುಡಿ. ಸಂಜೆವರ್ಗೂ ಟೈಮದೆ."

"ಹಾಕಿದ್ದು ಅವ್ರು. ತೆಗೆಯೋದಾದ್ರೂ ಅವ್ರೇ ತೆಗೀಬೇಕು" ಅಂದರು ಭಾಯಿ.

ಒಬ್ಬ ಕೀಬೋರ್ಡ್ ಎತ್ತಿ ಅವರ ಮುಖಕ್ಕೆ ಬೀಸಿದ. ತುಟಿ ಹರಿಯಿತು. ಭಾಯಿ ಸುತ್ತಿಗೆ ತೆಗೆದು ಅವನ ಹೆಗಲಿಗೆ ಬಿಟ್ಟರು, ಅವನು ಅಯ್ಯೋ ಅಂತ ಕೂತ. ನಾನೂ ನುಗ್ಗಿದೆ. ಆದರೆ ಒಂದೂವರೆ ಕೈಯವನು ನಾನು, ಅವರು ವಯಸ್ಸಾದವರು. ಗಳಿಗೆಯಲ್ಲಿ ನನ್ನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲೂರಿದರು. ಬಾಯಿ ತುಂಬ ರಕ್ತ, ರಬ್ಬರ್ ಪುಡಿ. ಸೈಬರಿನವನು ಕಂಪ್ಯೂಟರಿನ ಮುಂದೆ ಕೂತು ಪಿಳಿಪಿಳಿ ನೋಡಿದ.

"ಅಣ್ಣಾ, ಇದ್ರಲ್ಲಿ ಸ್ಟಾರ್ಟ್ ಬಟನ್ನೇ ಇಲ್ಲ ಕಣಣ್ಣಾ. ಏನೋ ಬ್ಯಾರೆ ತರ ಅದೆ."

ಯಜಮಾನ ಅವನ ಕಪಾಳಕ್ಕೊಂದು ಬಿಟ್ಟ. ಭಾಯಿಯನ್ನೇ ಎಳೆದು ತಂದು ಕುರ್ಚಿಗೆ ಒತ್ತಿದರು. ಅವರು ರಕ್ತ ಒರೆಸಿಕೊಂಡು ಪೇಜು ತೆರೆದರು. ಮೊಳೆಯಿಂದ ನನ್ನ ಟೋಕನ್ನು ತೆಗೆದು ಚುಚ್ಚಿದರು. ವಾಪಸು ತೆಗೆಯಲೂ ಸಹಿ ಬೇಕು, ಪಿನ್ ಕೇಳಿತು.

"ಇವನ್ ಲಾರಿ ನಂಬರ್ ಹೊಡಿಯೋ" ಅಂದ ಯಜಮಾನ, ಎಲ್ಲ ಗೊತ್ತಿರುವವನ ಹಾಗೆ. ಸೈಬರಿನವನು ಹೊಡೆದ. ತಪ್ಪು ಅಂತ ಬಂತು.

ಆಗ ಭಾಯಿ ತಿರುಗಿ ನನ್ನನ್ನು ನೋಡಿದರು. ಆ ನೋಟ... ಅದೇನು ಅಂತ ಆಗ ಗೊತ್ತಾಗಲಿಲ್ಲ. "ಬುಡಿ, ನಂಗೊತ್ತು, ನಾನ್ ಹೊಡೀತೀನಿ" ಅಂದರು. ಹೊಡೆದರು. ತಪ್ಪು. "ವಯಸ್ಸಾಯ್ತು, ಮರ್ತೋಯ್ತದೆ" ಅಂತ ಮತ್ತೆ ಹೊಡೆದರು. ಅದೂ ತಪ್ಪು. ಬೆನ್ನಿಗೆ ಒದೆ ಬಿತ್ತು. ಮತ್ತೊಂದು ಹೊಡೆದರು. ನಾನು ನೆಲದಿಂದಲೇ ಅವರ ಬೆರಳು ನೋಡುತ್ತಿದ್ದೆ. ನನ್ನ ಸರ್ವೆ ನಂಬರು ಅವರಿಗೆ ಬಾಯಿಪಾಠ. ಬೆರಳು ಮಾತ್ರ ಆ ಅಂಕೆಗಳ ಹತ್ತಿರವೂ ಹೋಗುತ್ತಿರಲಿಲ್ಲ. ಪಾಪ, ಮುದುಕನಿಗೆ ಹೆದರಿಕೆಯಲ್ಲಿ ತಲೆ ಕೆಟ್ಟಿದೆ ಅಂದುಕೊಂಡೆ.

ಯಜಮಾನನಿಗೆ ತಾಳ್ಮೆ ತಪ್ಪಿತು. ಮೂಲೆಯ ಪ್ರೆಸ್ಸಿನ ಕಡೆ ನೋಡಿದ. ಮುಂದಿನದನ್ನು ಬರೆಯಬಾರದು ಅಂತ ಮನೆಯವರು ಹೇಳಿದರು. ಯಾಕೆ ಬರೆಯಬಾರದು? ನಡೆದದ್ದು ತಾನೇ? ಭಾಯಿಯ ಬಲಗೈಯನ್ನು ಡೈರಿಯ ಅಚ್ಚಿನ ಮೇಲೆ ಅಂಗೈ ಕೆಳಗಾಗಿ ಇಟ್ಟರು. ಇಬ್ಬರು ಹಿಡಿದುಕೊಂಡರು, ಒಬ್ಬ ಹಿಡಿ ತಿರುಗಿಸಿದ. ಭಾಯಿ ಕಿರುಚಲಿಲ್ಲ. ಗಂಟಲಿನಲ್ಲಿ ಒಂದು ಸದ್ದು ಬಂತು, ಅಷ್ಟೇ. ಹಿಡಿ ಇನ್ನೊಂದು ಸುತ್ತು ತಿರುಗಿತು. ಆಗ ಆ ವಾಸನೆ ಎದ್ದಿತು. ರಬ್ಬರಿನದು, ಅದರ ಜೊತೆಗೆ...

ಪರದೆಯ ಹಿಂದೆ ಭಾಯಿಯ ಹೆಂಡತಿ, ಭಾಬಿ, ಬಾಗಿಲು ಬಡಿಯುತ್ತಿದ್ದರು, ಹುಡುಗರು ಅಂಗಡಿಯ ಕಡೆಯಿಂದ ಚಿಲಕ ಹಾಕಿದ್ದರು. ನನ್ನಿಂದ ಆಗಲಿಲ್ಲ. "ನಾನ್ ಹೇಳ್ತೀನಿ, ಅವ್ರ ಕೈ ಬುಡ್ರೋ" ಅಂತ ಕೂಗಿದೆ. ಸರ್ವೆ ನಂಬರು ಹೇಳಿಬಿಟ್ಟೆ. ಚಿಕ್ಕಪ್ಪನೂ ಹೋಗಲಿ, ಆಣೆಯೂ ಹೋಗಲಿ, ಆ ಹಿಡಿ ವಾಪಸು ತಿರುಗಿದರೆ ಸಾಕಾಗಿತ್ತು. ಸೈಬರಿನವನು ಅದನ್ನೇ ಹೊಡೆದ. ಸ್ಕ್ರೀನನ್ನು ಓದಿದ, ಇನ್ನೊಂದು ಸಲ ಓದಿದ.

"ಅಣ್ಣಾ, ಲಾಕ್ ಆಗ್ಬುಟ್ಟದೆ. ತಪ್ಪು ನಂಬರ್ ಜಾಸ್ತಿ ಸಲ ಬಿದ್ಬುಟ್ಟವೆ. ಇನ್ ಸರಿ ನಂಬರ್ ಕೊಟ್ರೂ ತಕ್ಕಳಲ್ಲ."

"ಹಂಗಂದ್ರೆ?"

"ಇವತ್ಗೆ ಸಹಿ ಆಗಲ್ಲ ಕಣಣ್ಣಾ. ಟೆಂಡರ್ ತೆಗೆಯೋಕಾಗಲ್ಲ."

ಯಜಮಾನನಿಗೆ ಅರ್ಥವಾಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಟೆಂಡರು ಪೆಟ್ಟಿಗೆಯೊಳಗಿದೆ, ಪೆಟ್ಟಿಗೆ ಹೊತ್ತುಕೊಂಡು ಹೋಗು. ಹುಡುಗರು ಕಂಪ್ಯೂಟರಿನ ಡಬ್ಬವನ್ನು ವೈರು ಸಮೇತ ಕಿತ್ತು ಜೀಪಿಗೆ ಹಾಕಿಕೊಂಡರು. ಮೊಳೆಯ ಹಲಗೆ ಮುರಿದರು, ಟೋಕನ್ನುಗಳನ್ನೆಲ್ಲ ಚರಂಡಿಗೆ ಚೆಲ್ಲಿದರು. ಆ ಡಬ್ಬ ಕೆರೆಯಲ್ಲಿ ಮುಳುಗಿತು, ನನ್ನ ಟೆಂಡರು ಬೆಂಗಳೂರಿನ ಯಾವುದೋ ಕಂಪ್ಯೂಟರಿನಲ್ಲಿ ಸುಖವಾಗಿತ್ತು. ಕಡಿಮೆ ದರ ನನ್ನದೇ ಇತ್ತು, ಕೆಲಸ ನನಗೇ ಆಯಿತು.

ಪೊಲೀಸಿನವರು ಪ್ರೆಸ್ಸಿಗೆ ಕೈ ಸಿಕ್ಕಿಕೊಂಡದ್ದು ಅಂತ ಬರೆದುಕೊಂಡರು. ಬ್ಯಾಂಡೇಜು ಬಿಚ್ಚಿದಾಗ ಅಂಗೈ ಮೇಲೆ ಡೈರಿಯ ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. "ಇನ್ಮೇಲೆ ನನ್ ಕೈ ಡೈರಿ ಸಂಘದ್ದು ಗೌಡ್ರೇ. ದಿನಾ ಹಾಲ್ ಕೊಡ್ಬೇಕು ಅವ್ರು" ಅಂದರು ಭಾಯಿ. ನಾನು ಆಸ್ಪತ್ರೆಯ ಕಾರಿಡಾರಿಗೆ ಬಂದುಬಿಟ್ಟೆ.

ಕಂದಕವನ್ನು ತೋಡಿಸಿದೆ. ಹೇಗೆ ತೋಡಿಸಿದೆ ಅಂದರೆ, ಒಳಗೆ ಇಳಿದವನಿಗೆ ಮೇಲಿನ ಹೊಲ ಕಾಣಬಾರದು. ಮುಗಿದ ಮೇಲೆ ಭಾಯಿ ನೋಡಬೇಕು ಅಂದರು. ಬಸ್ಸಿನಲ್ಲಿ ಹಂಗಳದವರೆಗೆ ಬಂದರು, ಅಲ್ಲಿಂದ ನನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಅಂಚಿನಲ್ಲಿ ನಿಂತು ಬಗ್ಗಿ ನೋಡಿದರು.

"ಆನೆ ದಾಟಲ್ವಾ?"

"ದಾಟಲ್ಲ ಭಾಯ್."

ತಲೆಯಾಡಿಸಿದರು. ನನಗೆ ಒಳಗೇ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಮೊದ್ಲೇ ಸರಿ ನಂಬರ್ ಕೊಟ್ಬುಟ್ಟಿದ್ರೆ ನಿಮ್ ಕೈ ಉಳೀತಿತ್ತಲ್ಲ. ಕೊನೇಲಿ ನಾನೇ ಹೇಳ್ಬುಟ್ಟೆ."

"ನೀವು ಹೇಳ್ತೀರಿ ಅಂತ ನಂಗೊತ್ತಿತ್ತು" ಅಂದರು ಭಾಯಿ, ಕಂದಕವನ್ನೇ ನೋಡುತ್ತಾ. "ನನ್ ಮೈ ಮುಟ್ಟಿದ್ರೆ ನೀವ್ ತಡ್ಕಳೋರಲ್ಲ. ಅದ್ಕೇ ನೀವ್ ಬಾಯ್ ಬುಡೋಕ್ ಮೊದ್ಲೇ ಬೀಗ ಹಾಕ್ಬುಟ್ಟೆ."

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸುಟ್ಟ ಗಾಯ ಮಾಯಲಿಲ್ಲ. ಕೊಳೆತು, ಮೈಸೂರಿನಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮುಂಗೈ ತೆಗೆದರು. ಮುಂದಿನ ರಂಜಾನು ಅವರಿಗೆ ಸಿಗಲಿಲ್ಲ. ಮಣ್ಣು ಹಾಕಲು ನಾನೂ ಹೋಗಿದ್ದೆ, ಎಡಗೈಯಲ್ಲಿ ಹಾಕಬಾರದು ಅಂತ ಯಾರೋ ಅಂದರು. ಬಲಗೈಯಲ್ಲಿ ಹಿಡಿದಷ್ಟು ಹಿಡಿದು ಹಾಕಿದೆ. ಭಾಬಿ ಮಗಳ ಮನೆಗೆ ಹೊರಡುವ ಮುಂಚೆ ನನ್ನನ್ನು ಕರೆಸಿ, ಚರಂಡಿಯಿಂದ ಹೆಕ್ಕಿ ತೊಳೆದಿಟ್ಟಿದ್ದ ಟೋಕನ್ನನ್ನು ಕೊಟ್ಟರು. "ಆಪ್ ಕಾ ಹೈ", ನಿಮ್ಮದು, ಅಂದರು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ಯಜಮಾನ ಈಗಲೂ ಇದ್ದಾನೆ, ಗಟ್ಟಿಯಾಗಿದ್ದಾನೆ. ಮದುವೆ ಮನೆಗಳಲ್ಲಿ ಎದುರಾದರೆ ಕೈ ಚಾಚುತ್ತಾನೆ. ನಾನು ಎಡಗೈ ಕೊಡುತ್ತೇನೆ. ನಾಲ್ಕು ಜನರ ಮುಂದೆ ಅದನ್ನು ಹಿಡಿದು ಅಲ್ಲಾಡಿಸಬೇಕಾಗುತ್ತದೆ ಅವನು.

ಗಾಡಿ ರೆಡಿಯಾಯಿತು ಅಂತ ಪಂಕ್ಚರಿನವನು ಕೂಗಿದ. ಅವತ್ತು ನಾನು ಗುಂಡ್ಲುಪೇಟೆಗೆ ಬಂದದ್ದು ಡಿಜಿಟಲ್ ಸಹಿಯ ಸರ್ಟಿಫಿಕೇಟು ನವೀಕರಿಸಲು. ಸೈಬರ್ ಸೆಂಟರಿನ ಹುಡುಗಿಯ ಮುಂದೆ ಜೇಬಿನಲ್ಲಿದ್ದುದನ್ನೆಲ್ಲ ತೆಗೆದಿಟ್ಟಾಗ ಹಳೇ ಟೋಕನ್ನೂ ಈಚೆಗೆ ಬಂತು. ಅವಳು ಚುಚ್ಚಿ ನೋಡಿದಳು.

"ಇದು ಲಾಕ್ ಆಗಿದೆ ಅಂಕಲ್. ಪಿನ್ ಮರೆತೋಯ್ತಾ?"

"ಇಲ್ಲ ಕಣಮ್ಮಿ, ನೆನಪದೆ."

"ನೆನಪಿದ್ರೂ ಇನ್ ಓಪನ್ ಆಗಲ್ಲ. ಬಿಸಾಕ್ಲಾ?"

ಬೇಡ ಅಂದೆ. ಈಸಿಕೊಂಡು ಜೇಬಿಗೆ ಹಾಕಿಕೊಂಡೆ.